ಒಂದು ಬೀದರಕ್ಕ ಮೂರು 371

ದೋಸ್ತ್, ನಿನ್ನಿ ಫೋನಿನಾಗ ನೀ ಅಂದ್ಯಲ್ಲ, "ನಿಮ್ಗೇನಪ್ಪಾ, 371ಜೆ ಇದೆ, ಬೀದರಲ್ಲಿ ಹುಟ್ಟಿದ್ರೆ ಸಾಕು ಸೀಟು" ಅಂತ. 371ಜೆ ಅಂದ್ರ ಬೀದರ ಸೇರಿ ನಮ್ಮ ಕಲ್ಯಾಣ ಕರ್ನಾಟಕದವ್ರಿಗೆ ಸೀಟು, ನೌಕರಿಯಾಗ ಮೀಸಲಾತಿ ಕೊಡೋ ಸಂವಿಧಾನದ ಕಲಂ. ನಾ ನಕ್ಕು ಬಿಟ್ಟೆ. ಆದ್ರ ಆ 'ಹುಟ್ಟಿದ್ರೆ ಸಾಕು' ಅನ್ನೋದ್ರಾಗೇ ಅದ ನೋಡು ನಮ್ಮ ಗೋಳೆಲ್ಲಾ.

ಮೊದ್ಲ ಲೆಕ್ಕ ಹೇಳಿಬಿಡ್ತೀನಿ. ಅದರಾಗ ಸಿಗೋ 70 ಪರ್ಸೆಂಟ್ ಸೀಟು ನಮ್ಮ ಭಾಗದ ಕಾಲೇಜಿನಾಗ ಅಷ್ಟೇ, ರಾಜ್ಯಮಟ್ಟದ ಸಂಸ್ಥೆಗಳಾಗ ನಮಗಿರೋದು 8. ಆಂಧ್ರದವ್ರಿಗೆ ಇಂಥದ್ದೇ ಕಲಂ 371ಡಿ 1973ರ ತಿದ್ದುಪಡಿಗೇ ಬಂತು, ನಮಗ 2012ರ ತನಕ ಕಾಯಬೇಕಾಯ್ತು, ಅದೂ ನಮ್ಮ ಭಾಗದ ಹೋರಾಟಗಾರ ವೈಜನಾಥ ಪಾಟೀಲರಂಥವ್ರು ವರ್ಷಗಟ್ಟಲೆ ಬಡದಾಡಿದ ಮ್ಯಾಲ. ಇರ್ಲಿ.

ಈಗ ಗೋಳಿಗೆ ಬರ್ತೀನಿ. ನಮ್ಮ ಅಕ್ಕನ ಮಗ ಹುಟ್ಟಿದ್ದು ಉದಗೀರದಾಗ. ಯಾಕಂದ್ರ ಆವಾಗ ನಮ್ಮಪ್ಪ ಅಲ್ಲಿ ಅಂಗಡಿ ಇಟ್ಟಿದ್ದ, ಚೊಚ್ಚಲ ಹೆರಿಗಿ ತವರುಮನ್ಯಾಗ ಆಗ್ಬೇಕು, ಆಯ್ತು. ಹುಡುಗ ಮೂರ್ತಿಂಗಳಿಗೆ ನಮ್ಮ ಜಿಲ್ಲಾದ ಭಾಲ್ಕಿಗೆ ಬಂದಾನ, ಒಂದನೇತ್ತಾದಿಂದ ಕನ್ನಡ ಶಾಲಿ, ಬಸವಣ್ಣನ ವಚನ ಗಟಗಟ ಹೇಳ್ತಾನ. ಆದ್ರ ಜನನ ಪತ್ರ ಮಹಾರಾಷ್ಟ್ರದ್ದು, ಅದೂ ಮರಾಠಿದಾಗ. 371ಜೆ ಎಲಿಜಿಬಿಲಿಟಿ ಸರ್ಟಿಫಿಕೇಟಿಗೆ ಹೋದ್ರ ಕೌಂಟರಿನಾಗ ಕೂತವ್ರು ಕಾಗದ ತಿರುವಿ ನೋಡಿ "ಇಂವ ಹೊರಗಿನವ" ಅಂದ್ರು. ಕಾನೂನಿನಾಗ ಹುಟ್ಟಿನಿಂದ ಇಲ್ಲಾ ವಾಸದಿಂದ ಅಂತ ಅದ, ಹಂಗಾಗಿ ವಾಸದ ದಾಖ್ಲಿ ತಾ, ಶಾಲಿ ದಾಖ್ಲಿ ತಾ, ಅವರಪ್ಪನ ಟಿಸಿ ತಾ, ಅಜ್ಜನ ಪಹಣಿ ತಾ. ಪಹಣಿ ತೆಗದ್ರ ಉರ್ದು! ಓದ್ಲಿಕ್ಕೆ ಬರೋ ಒಬ್ಬ ಮುದುಕರ ಮನಿ ಹುಡುಕಿ ಹೋದೆ, ಅವರು ಚಹಾ ಕುಡಿಸಿ, ಕನ್ನಡಕ ಒರೆಸಿ, ಬೆರಳಿಟ್ಟು ಓದಿದ್ರು: "ಜಿಲ್ಲಾ ಬೀದರ". ಸರ್ಟಿಫಿಕೇಟ್ ಸಿಕ್ತು ಅನ್ನು, ಆದ್ರ ನಾಕು ಸಲ ಹೋಗಿ ಬಂದ ಮ್ಯಾಲ.

ನಗಿ ಬರೋದು ಏನಂದ್ರ, 1956ರ ತನಕ ಉದಗೀರ, ನಿಲಂಗಾ, ಜಹೀರಾಬಾದ, ನಾರಾಯಣಖೇಡ ಎಲ್ಲಾ ಬೀದರ ಜಿಲ್ಲಾದಾಗೇ ಇದ್ವು. ನವೆಂಬರ್ 1ಕ್ಕ ಗೆರಿ ಎಳದ್ರು, ಉದಗೀರ ಮುಂಬೈ ರಾಜ್ಯಕ್ಕ, ಜಹೀರಾಬಾದ ಆಂಧ್ರಕ್ಕ, ನಾವು ಮೈಸೂರಿಗೆ. ಈಗ ಉದಗೀರ ಮರಾಠವಾಡಾದಾಗ ಅದ, ಅವರ ಹೆಸರು 371ರಾಗೇ ಅದ. ಈಗ ತೆಲಂಗಾಣದಾಗಿರೋ ಜಹೀರಾಬಾದಕ್ಕ 371ಡಿ. ನಮಗ 371ಜೆ. ಒಂದೇ ಜಿಲ್ಲಾದ ಮಂದಿಗೆ ಮೂರೂ ಕಡಿ ವಿಶೇಷ ಅವಕಾಶ ಅಂತ ಸಂವಿಧಾನದಾಗೇ ಬರ್ಕೊಟ್ಟಾರ, ಆದ್ರ ಒಬ್ಬರ ಕಾಗದ ಇನ್ನೊಬ್ಬರ ಆಫೀಸಿನಾಗ ನಡ್ಯೋದಿಲ್ಲ. ಗೆರಿ ಎಳದವ್ರು ಬೀಗತನ ಕೇಳಿ ಎಳೀಲಿಲ್ಲ ನೋಡು, ಇವತ್ತಿಗೂ ಹೆಣ್ಣು ತರೋದು ಕೊಡೋದು ಆ ಕಡಿನೇ.

ನಿಮ್ಮ ಕಡಿಯವ್ರು ನನ್ನ ಮಾತು ಕೇಳಿ "ನೀವು ಮರಾಠಿಯವ್ರಾ?" ಅಂತೀರಿ, ಉದಗೀರದ ಮಂದಿ "ಕಾನಡಿ" ಅಂತಾರ, ಇಲ್ಲಿ ಕೌಂಟರಿನಾಗ "ಹೊರಗಿನವ". ಬಸವಕಲ್ಯಾಣ ನಮ್ಮ ಜಿಲ್ಲಾದಾಗ ಅದನಪಾ, ಇನ್ನೇನು ಪುರಾವೆ ಬೇಕು ನಿಮಗ?

ಇನ್ನೊಂದು ಸುದ್ದಿ, ನಮ್ಮ ಮನಿಯಾಕಿಗೆ ಈಗ ಏಳು ತಿಂಗಳು. ತವರುಮನಿ ಜಹೀರಾಬಾದ. ಕುಬಸಾ ಮಾಡಿ ಕರ್ಕೊಂಡು ಹೋಗ್ತೀವಿ ಅಂತ ಅತ್ತಿ ಬಂದು ಕೂತಿದ್ರು, ನಾ ಕುಬಸಾ ಮಾಡ್ರಿ, ಹೆರಿಗಿ ಮಾತ್ರ ಬೀದರದಾಗೇ ಅಂದೆ. ಆವತ್ತಿನಿಂದ ಅತ್ತಿ ನನಗ ಫೋನ್ ಮಾಡಿಲ್ಲ.