ಪಿಟೀಲಿನ ಉಬ್ಬು, ಗಿಟಾರಿನ ಹಲಗೆ

ಪ್ರಶ್ನೆ: ಕೈಯಲ್ಲೇ ಮಾಡಿದ ಪಿಟೀಲು, ಗಿಟಾರ್ ಎರಡರಲ್ಲಿ ಯಾವುದರ ಕೆಲಸ ಕಷ್ಟ? 300 ವರ್ಷದ ಪಿಟೀಲುಗಳನ್ನು ಇಂದಿಗೂ ನುಡಿಸುತ್ತಾರೆ. ಗಿಟಾರಿಗೆ ಆ ಆಯಸ್ಸು ಏಕಿಲ್ಲ?
– ಓದುಗರು, ಧಾರವಾಡ

ಉತ್ತರ: ಉಳಿ ಹಿಡಿದು ಮಾಡುವ ಕೆಲಸ ಪಿಟೀಲಿನಲ್ಲೇ ಹೆಚ್ಚು. ಅದರ ಉಬ್ಬು ಹಲಗೆಯನ್ನು ಬಗ್ಗಿಸಿ ತಂದದ್ದಲ್ಲ. ಮೇಲ್ಹಲಗೆಗೆ ಸ್ಪ್ರೂಸ್ ಎಂಬ ಮರದ ದಪ್ಪ ತುಂಡನ್ನು ಹೊರಗಿನಿಂದ ಕೆತ್ತಿ, ಒಳಗಿನಿಂದ ತೋಡಿ, ಸುಮಾರು 3 ಮಿ.ಮೀ.ಗೆ ಇಳಿಸುತ್ತಾರೆ. ಮೇಪಲ್ ಮರದ ತಳಹಲಗೆ ನಡುವೆ 4.5 ಮಿ.ಮೀ., ಅಂಚಿನತ್ತ 2.5. ಕೊನೆಯ ಅರ್ಧ ಮಿ.ಮೀ. ಹೆರೆಯುವಾಗ ಹಲಗೆಯನ್ನು ಎರಡು ಬೆರಳಲ್ಲಿ ತೂಗಿಹಿಡಿದು, ಗೆಣ್ಣಿನಿಂದ ತಟ್ಟಿ ನಾದ ಕೇಳುತ್ತಾರೆ. ಒಂದು ಹೆರೆ ಹೆಚ್ಚಾದರೆ ಹೋದ ಮರ ಮತ್ತೆ ಬಾರದು.

ಗಿಟಾರಿನ ಹಲಗೆ ಹೆಚ್ಚುಕಡಿಮೆ ಚಪ್ಪಟೆ, 2ರಿಂದ 2.5 ಮಿ.ಮೀ. ಅದರ ಬಲವೆಲ್ಲ ಅಡಿಯಲ್ಲಿ ಅಂಟಿಸಿದ ಪಟ್ಟಿಗಳಲ್ಲಿದೆ. ಸ್ಪೇನಿನ ಆಂತೋನಿಯೋ ದೆ ತೋರೆಸ್ (1817–1892) ಏಳು ಪಟ್ಟಿಗಳನ್ನು ಬೀಸಣಿಗೆಯಂತೆ ಹರಡಿದ ವಿನ್ಯಾಸವನ್ನು ಹದಗೊಳಿಸಿದರು. ನಾದ ಹುಟ್ಟುವುದು ಮೇಲ್ಹಲಗೆಯಲ್ಲೇ ಎಂದು ತೋರಿಸಲು 1862ರಲ್ಲಿ ಪಕ್ಕ, ತಳಗಳನ್ನು ಕಾಗದದ ರಟ್ಟಿನಲ್ಲೇ ಮಾಡಿದರು. ಇಂದು ಆ ಪಕ್ಕ, ತಳಗಳಿಗೆ ಹೊರದೇಶದವರು ಹುಡುಕಿ ತರಿಸುವ ಇಂಡಿಯನ್ ರೋಸ್‌ವುಡ್ ನಮ್ಮ ಬೀಟೆಯೇ.

ಆಯಸ್ಸಿನ ಮಾತು. ಪಿಟೀಲಿನ ತಂತಿ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ಬ್ರಿಜ್) ಮೇಲೆ ಹಾದುಹೋಗಿ ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ಕಲ್ಲಿನ ಕಮಾನು ಭಾರ ತಾಳುವಂತೆ ಉಬ್ಬು ಅದನ್ನು ತಾಳುತ್ತದೆ. ಗಿಟಾರಿನ ಕುದುರೆಯನ್ನು ಹಲಗೆಗೇ ಅಂಟಿಸಿರುತ್ತಾರೆ. ನೈಲಾನ್ ತಂತಿಗಳ ಸುಮಾರು 40 ಕಿಲೋ ಎಳೆತಕ್ಕೆ ಕುದುರೆಯ ಹಿಂದೆ ಹಲಗೆ ಉಬ್ಬಿ, ಮುಂದೆ ತಗ್ಗುತ್ತದೆ. ತೆಳುವಾಗಿಸಿದರೆ ದನಿ ಚೆನ್ನ, ಆದರೆ ಈ ಉಬ್ಬರ ಬೇಗ ಬರುತ್ತದೆ. ದಪ್ಪ ಬಿಟ್ಟರೆ ದನಿ ಏಳುವುದಿಲ್ಲ.

ಇನ್ನೊಂದು ಕಾರಣ ಅಂಟು. ಪಿಟೀಲಿನ ಮೇಲ್ಹಲಗೆಗೆ ಸರೇಸನ್ನು ಬೇಕೆಂದೇ ನೀರಾಗಿ ಹಚ್ಚುತ್ತಾರೆ. ಒಣಹವೆಗೆ ಮರ ಕುಗ್ಗಿದಾಗ ಮೊದಲು ಬಿಡುವುದು ಅಂಟು, ಸೀಳುವುದು ತಪ್ಪುತ್ತದೆ. ತೆಳು ಚಾಕು ತೂರಿಸಿ ತೆರೆದು, ರಿಪೇರಿ ಮಾಡಿ ಮತ್ತೆ ಮುಚ್ಚಬಹುದು. ಪಿಟೀಲಿಗೆ ಹೆಸರಾದ ಇಟಲಿಯ ಕ್ರೆಮೋನಾ ಊರಿನ ಹಳೆಯ ಪಿಟೀಲುಗಳಲ್ಲಿ ಬಹುಪಾಲಿನ ಕುತ್ತಿಗೆಯನ್ನೇ ಮುಂದಿನವರು ಬದಲಿಸಿದ್ದಾರೆ. ಗಿಟಾರ್ ತೆರೆಯಬೇಕೆಂದರೆ ಅಂಚುಪಟ್ಟಿ ಕಿತ್ತು, ಪಾಲಿಷ್ ಕೆಡಿಸಿಕೊಳ್ಳಬೇಕು.

ಪ್ರಶ್ನೆ: ಪಿಟೀಲಿನ ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದೆ. ಈಗ ಒಳಗೆ ಏನೋ ಲೊಟಲೊಟ ಉರುಳುತ್ತಿದೆ.
– ಓದುಗರು, ಮೈಸೂರು

ಉತ್ತರ: ಅದು ಸೌಂಡ್ ಪೋಸ್ಟ್, ಸುಮಾರು 6 ಮಿ.ಮೀ. ದಪ್ಪದ ಸ್ಪ್ರೂಸ್ ಕಡ್ಡಿ. ಅದಕ್ಕೆ ಅಂಟಿಲ್ಲ, ಎರಡು ಹಲಗೆಗಳ ನಡುವಿನ ಒತ್ತಡದಲ್ಲೇ ನಿಂತಿರುತ್ತದೆ. ದಯವಿಟ್ಟು ತಂತಿ ಬಿಗಿಯಬೇಡಿ: ಆಸರೆಯಿಲ್ಲದ ಹಲಗೆ ತಗ್ಗಬಹುದು, ಬಿರುಕೂ ಬಿಡಬಹುದು. ರಿಪೇರಿಯವರು ಅದನ್ನು ಎಫ್ ಆಕಾರದ ಕಂಡಿಯಿಂದ ತೂರಿಸಿ, ಸಣ್ಣ ತಂತಿಯ ಕಡೆಯ ಕುದುರೆಗಾಲಿಗೆ 2–3 ಮಿ.ಮೀ. ಹಿಂದೆ ನಿಲ್ಲಿಸಿಕೊಡುತ್ತಾರೆ. ಮುಂದೆ ತಂತಿಗಳನ್ನು ಒಂದೊಂದಾಗಿಯೇ ಬದಲಿಸಿ.