ಸೈಕಲ್ ಪ್ರಶ್ನೋತ್ತರ: ಡ್ರಾಪ್ ಹ್ಯಾಂಡಲ್ ತೆಗೆದು ಬೇರೆ ಹಾಕಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವನು, ವಯಸ್ಸು 46. ಮಳೆ ಮುಗಿದ ಮೇಲೆ ಆಗುಂಬೆ ಇಳಿದು ಉಡುಪಿಗೆ ಹೋಗಿ, ಕರಾವಳಿ ಹಿಡಿದು ಹೊನ್ನಾವರ ತಲುಪಿ, ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಸಾಗರದ ಮೇಲೆ ವಾಪಸ್ ಬರಬೇಕೆಂಬ ಆಸೆ. ಲಗೇಜೆಲ್ಲ ಸೈಕಲ್ ಮೇಲೇ. ಬೆಂಗಳೂರಿನ ಪರಿಚಯದವರೊಬ್ಬರು ತಮ್ಮ ಹಳೆಯ ಟೂರಿಂಗ್ ಸೈಕಲ್, ಸರ್ಲಿ ಲಾಂಗ್ ಹಾಲ್ ಟ್ರಕರ್, ಕೊಡುತ್ತೇನೆ ಎನ್ನುತ್ತಿದ್ದಾರೆ. ಸ್ಟೀಲ್ ಫ್ರೇಮ್, ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್, ಗೇರ್ ಶಿಫ್ಟರ್ ಹ್ಯಾಂಡಲಿನ ತುದಿಯಲ್ಲಿದೆ. ನನಗೆ ನೇರ ಹ್ಯಾಂಡಲ್ ಮಾತ್ರ ರೂಢಿ, ಕುತ್ತಿಗೆ ನೋವೂ ಇದೆ. ತಗೊಳ್ಳಲಾ? ಹ್ಯಾಂಡಲ್, ಶಿಫ್ಟರ್ ಬದಲಾಯಿಸಬಹುದಾ? ಸ್ಟೀಲ್ ತುಂಬಾ ಭಾರ, ಅಲಾಯ್ ತಗೋ ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ಫ್ರೇಮ್ ನಿಮ್ಮ ಅಳತೆಯದಾಗಿದ್ದರೆ ಖಂಡಿತ ತಗೊಳ್ಳಿ. ಅಳತೆ ತಪ್ಪಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ, ಯಾವ ಹ್ಯಾಂಡಲ್ ಹಾಕಿದರೂ ಅದು ಸರಿಹೋಗುವುದಿಲ್ಲ. ಬೆಂಗಳೂರಿಗೇ ಹೋಗಿ ಒಂದು ಗಂಟೆ ಓಡಿಸಿ ನೋಡಿ.

ಭಾರದ ಮಾತು ಬಿಡಿ. ಆ ಸೈಕಲ್ ಖಾಲಿ ಇದ್ದಾಗ ಸುಮಾರು 12-13 ಕೆಜಿ ಬರುತ್ತದೆ. ಅದರ ಮೇಲೆ ನೀವು, ನಾಲ್ಕು ಬ್ಯಾಗು, ನೀರು ಎಲ್ಲ ಸೇರಿದ ಮೇಲೆ ಒಂದೆರಡು ಕೆಜಿ ವ್ಯತ್ಯಾಸ ಘಾಟಿಯಲ್ಲಿ ಗೊತ್ತಾಗುವುದು ಕಷ್ಟ. ಆದರೆ ಸ್ಟೀಲ್ ಎಲ್ಲ ಒಂದೇ ಅಲ್ಲ. ಅಗ್ಗದ ಸೈಕಲ್ಲುಗಳಲ್ಲಿ ಬರುವುದು ಹೈಟೆನ್ ಎಂಬ ಸಾಮಾನ್ಯ ಸ್ಟೀಲ್, ಅದು ನಿಜಕ್ಕೂ ಭಾರ. ನಿಮಗೆ ಸಿಗುತ್ತಿರುವುದು 4130 ಕ್ರೋಮೋಲಿ, ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲ್. ಅದು ಹೆಚ್ಚು ಗಟ್ಟಿ, ಹಾಗಾಗಿ ಪೈಪಿನ ಗೋಡೆ ತೆಳ್ಳಗೆ ಮಾಡಲು ಆಗುತ್ತದೆ. ಈ ಮಾಡೆಲ್ ಈಗ ತಯಾರಾಗುತ್ತಿಲ್ಲ, ಆದರೆ ಟೂರಿಂಗ್ ಫ್ರೇಮ್ ಅಂದರೆ ಹೀಗಿರಬೇಕು. ಹಿಂದಿನ ಚೈನ್‌ಸ್ಟೇ (ಪೆಡಲಿನ ಹತ್ತಿರದಿಂದ ಹಿಂದಿನ ಚಕ್ರಕ್ಕೆ ಹೋಗುವ ಪೈಪು) 46 ಸೆಂ.ಮೀ. ಉದ್ದ ಇರುವುದರಿಂದ ತುಳಿಯುವಾಗ ಹಿಮ್ಮಡಿ ಬ್ಯಾಗಿಗೆ ತಾಗುವುದಿಲ್ಲ. ಕ್ಯಾರಿಯರ್, ಮಡ್‌ಗಾರ್ಡ್ ಎರಡಕ್ಕೂ ಸ್ಕ್ರೂ ತೂತುಗಳಿವೆ, ಮೂರು ಬಾಟಲಿಗೆ ಜಾಗ ಇದೆ, ಚೈನ್‌ಸ್ಟೇ ಮೇಲೆ ಎರಡು ಸ್ಪೇರ್ ಕಡ್ಡಿ ಸಿಕ್ಕಿಸುವ ಜಾಗ ಕೂಡ ಇದೆ.

ಕೊಳ್ಳುವ ಮೊದಲು ಮುಂದಿನ ಕೆಳಗಿನ ಪೈಪನ್ನು ಹ್ಯಾಂಡಲ್ ಹತ್ತಿರ ಬೆರಳಿನಿಂದ ಸವರಿ ನೋಡಿ. ಪೇಂಟ್ ಬಿರುಕು ಬಿಟ್ಟಿದ್ದರೆ ಅಥವಾ ಸುಕ್ಕು ಸಿಕ್ಕಿದರೆ ಮುಂದಿನಿಂದ ಜೋರಾಗಿ ಗುದ್ದಿಸಿಕೊಂಡ ಸೈಕಲ್ ಅದು, ಬೇಡ. ಸೀಟ್ ಪೋಸ್ಟ್ ಮೇಲೆ ಕೆಳಗೆ ಆಡುತ್ತದಾ ನೋಡಿ, ಸ್ಟೀಲ್ ಫ್ರೇಮಿನೊಳಗೆ ಅಲಾಯ್ ಪೋಸ್ಟ್ ವರ್ಷಗಟ್ಟಲೆ ಗ್ರೀಸಿಲ್ಲದೆ ಕೂತರೆ ಕಚ್ಚಿಕೊಂಡುಬಿಡುತ್ತದೆ. ಮಲೆನಾಡಿನ ಮಳೆ, ಕರಾವಳಿಯ ಉಪ್ಪು ಗಾಳಿ ಎರಡೂ ನಿಮಗಿರುವುದರಿಂದ, ಪೈಪುಗಳ ಒಳಗೆ ತುಕ್ಕು ತಡೆಯುವ ಸ್ಪ್ರೇ ಹೊಡೆಸಿಕೊಳ್ಳಿ. ಆಮೇಲೆ ಗೇರಿನ ಹಲ್ಲು ಎಣಿಸಿ. ಮುಂದೆ ಚಿಕ್ಕದು 26, ಹಿಂದೆ ದೊಡ್ಡದು 34 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 1.6 ಮೀಟರ್ ಮಾತ್ರ ಮುಂದೆ ಹೋಗುತ್ತದೆ. ಮುಂದೆ 34, ಹಿಂದೆ 28 ಇರುವ ರೋಡ್ ಬೈಕಿನಲ್ಲಿ ಅದೇ ಎರಡೂವರೆ ಮೀಟರ್. ಗೇರುಸೊಪ್ಪೆ ಘಾಟಿಯಲ್ಲಿ ಲಗೇಜ್ ಹೊತ್ತು ಹೋಗುವಾಗ ತುಳಿಯುವುದಕ್ಕೂ ತಳ್ಳುವುದಕ್ಕೂ ಇರುವ ವ್ಯತ್ಯಾಸ ಇದೇ.

ಈಗ ಹ್ಯಾಂಡಲ್. ಬದಲಾಯಿಸಬಹುದು, ಆದರೆ ಬಂದ ದಿನವೇ ಬೇಡ. ಡ್ರಾಪ್ ಹ್ಯಾಂಡಲಿನಲ್ಲಿ ಕುತ್ತಿಗೆ ನೋಯುವುದು ಹೆಚ್ಚಾಗಿ ಅದು ತೀರಾ ಕೆಳಗೆ, ತೀರಾ ದೂರ ಇರುವುದರಿಂದ. ಮೇಲಕ್ಕೆ ಏರುವ ಕೋನದ ಚಿಕ್ಕ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ ತುಂಡು) ಒಂದನ್ನು ಹಾಕಿ, ಹ್ಯಾಂಡಲನ್ನು ಸೀಟಿನ ಮಟ್ಟಕ್ಕೆ ತಂದು, ಬ್ರೇಕ್ ಲಿವರಿನ ರಬ್ಬರ್ ಹಿಡಿಯ ಮೇಲೆ ಕೈ ಇಟ್ಟು ಕೆಲವು ವಾರ ಓಡಿಸಿ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ಸಾಕಾಗಲಿಲ್ಲವಾ, ಆಗ ಬದಲಾಯಿಸಿ. ಆದರೂ ಪೂರ್ತಿ ನೇರ ಹ್ಯಾಂಡಲಿಗೆ ನನ್ನ ಮತ ಇಲ್ಲ. ಕೈ ಇಡಲು ಒಂದೇ ಜಾಗ ಇರುವುದರಿಂದ ಅಂಗೈ ನರದ ಮೇಲೆ ಒತ್ತಡ ಬಿದ್ದು, ಸಂಜೆ ಹೊತ್ತಿಗೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ನಿಮಗೆ ಒಪ್ಪುವುದು ಬಟರ್‌ಫ್ಲೈ ಹ್ಯಾಂಡಲ್, ಟ್ರೆಕ್ಕಿಂಗ್ ಬಾರ್ ಅಂತಲೂ ಕರೆಯುತ್ತಾರೆ. ಕೈ ಇಡಲು ನಾಲ್ಕೈದು ಜಾಗ, ಬೆನ್ನು ನೇರ, ಮತ್ತು ಎಂಟಿಬಿ (ಮೌಂಟನ್ ಬೈಕ್) ಬ್ರೇಕ್ ಲಿವರ್, ಶಿಫ್ಟರ್ ಎಲ್ಲ ಅದಕ್ಕೆ ಕೂರುತ್ತವೆ. ಯಾಕೆಂದರೆ ಅದರ ದಪ್ಪ 22.2 ಮಿ.ಮೀ., ಡ್ರಾಪ್ ಹ್ಯಾಂಡಲಿನದು 23.8. ಒಂದರ ಲಿವರ್ ಇನ್ನೊಂದಕ್ಕೆ ಹಾಕಲು ಹೋಗಬೇಡಿ. ಸ್ಟೆಮ್ ಹಿಡಿಯುವ ಜಾಗದ ದಪ್ಪ ಬೇರೆಯೇ, 25.4, 26 ಅಥವಾ 31.8 ಇರುತ್ತದೆ, ಅಳೆಸಿಯೇ ಕೊಳ್ಳಿ.

ಜನ ಎಡವುವುದು ಬ್ರೇಕಿನಲ್ಲಿ. ನಿಮ್ಮ ಸೈಕಲ್ಲಿನಲ್ಲಿ ಕ್ಯಾಂಟಿಲಿವರ್ ಬ್ರೇಕ್ (ಎರಡು ಗಿಡ್ಡ ತೋಳುಗಳನ್ನು ಮೇಲಿನಿಂದ ವೈರ್ ಎಳೆಯುವಂಥದ್ದು) ಇರುವುದೇ ಜಾಸ್ತಿ ಸಾಧ್ಯತೆ, ಅದಕ್ಕೆ ಲಿವರ್ ಕಡಿಮೆ ಕೇಬಲ್ ಎಳೆಯಬೇಕು. ಅಂಗಡಿಯಲ್ಲಿ ಸಿಗುವ ಎಂಟಿಬಿ ಲಿವರ್ ಉದ್ದ ತೋಳಿನ ವಿ-ಬ್ರೇಕಿಗಾಗಿ ಮಾಡಿದ್ದು, ಜಾಸ್ತಿ ಎಳೆಯುತ್ತದೆ. ಎರಡನ್ನೂ ಸುಮ್ನೆ ಸೇರಿಸಿದರೆ ಲಿವರ್ ಗಟ್ಟಿ ಅನ್ನಿಸುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ, ಆಗುಂಬೆ ತಿರುವುಗಳಲ್ಲಿ ಇದು ಜೀವದ ವಿಷಯ. ಸುಲಭದ ದಾರಿ ಎಂದರೆ ಬ್ರೇಕನ್ನೇ ಬದಲಿಸಿ ವಿ-ಬ್ರೇಕ್ ಹಾಕುವುದು. ಫ್ರೇಮಿನ ಅದೇ ಗೂಟಗಳಿಗೆ ಕೂರುತ್ತದೆ, ಎಲ್ಲ ಊರಲ್ಲೂ ಸಿಗುತ್ತದೆ. ಒಳಗಿನ ವೈರ್ ಹೊಸದು ಬೇಕು, ಡ್ರಾಪ್ ಲಿವರಿನ ವೈರಿಗೆ ಪೇರಳೆ ಆಕಾರದ ಗುಂಡು, ಎಂಟಿಬಿಯದಕ್ಕೆ ಪೀಪಾಯಿಯಂಥದ್ದು. ಇನ್ನೊಂದು, ಗೇರಿನ ಔಟರ್ (ವೈರಿನ ಮೇಲಿನ ಕೊಳವೆ) ಮಿಕ್ಕಿದೆ ಅಂತ ಅದನ್ನು ಬ್ರೇಕಿಗೆ ಹಾಕಲು ಯಾರಿಗೂ ಬಿಡಬೇಡಿ. ಅದರ ಒಳಗಿನ ತಂತಿಗಳು ಉದ್ದಕ್ಕೆ ಇರುತ್ತವೆ, ಜೋರಾಗಿ ಬ್ರೇಕ್ ಹಿಡಿದಾಗ ಸೀಳಿಹೋಗಬಹುದು.

ಶಿಫ್ಟರಿಗೆ ಹೊಸ ಖರ್ಚೇ ಬೇಕಾಗದೆ ಇರಬಹುದು. ತುದಿಯಲ್ಲಿರುವ ಆ ಲಿವರ್‌ಗಳನ್ನೇ ಬಿಚ್ಚಿ, ಥಂಬ್ ಮೌಂಟ್ ಎಂಬ ಹಿಡಿಕೆಯ ಮೇಲೆ ಕೂರಿಸಿ ಹೆಬ್ಬೆರಳಿನ ಹತ್ತಿರ ಹಾಕಬಹುದು. ಪಾಲ್ ಕಂಪೊನೆಂಟ್ ಎಂಬ ಅಮೆರಿಕದ ಕಂಪನಿಯದು ಪ್ರಸಿದ್ಧ, ನಿಮ್ಮ ಶಿಫ್ಟರ್ ಕಂಪನಿಗೆ ಹೊಂದುವಂಥದ್ದನ್ನೇ ಆರಿಸಿ. ಕ್ಲಿಕ್ ಇರುವ ಟ್ರಿಗರ್ ಶಿಫ್ಟರೇ ಬೇಕೆಂದರೆ ಹಿಂದೆ ಎಷ್ಟು ಗೇರ್ ಇದೆ ನೋಡಿ. ಶಿಮಾನೊ 9 ಗೇರ್ ಆದರೆ ಎಂಟಿಬಿ ಟ್ರಿಗರ್ ಹಿಂದಿನ ಡೆರೈಲರಿಗೆ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಸರಿಯಾಗಿ ಹೊಂದುತ್ತದೆ, ರೋಡ್ ಆಗಲಿ ಎಂಟಿಬಿ ಆಗಲಿ. 10 ಆದರೆ ರೋಡ್, ಎಂಟಿಬಿ ಎರಡರ ಕೇಬಲ್ ಲೆಕ್ಕ ಬೇರೆ ಬೇರೆ, ಒಂದಕ್ಕೊಂದು ಹೊಂದುವುದಿಲ್ಲ. ಮುಂದಿನದ್ದಕ್ಕೆ ಏನೇ ಆದರೂ ಕ್ಲಿಕ್ ಇಲ್ಲದ ಫ್ರಿಕ್ಷನ್ ಲಿವರೇ ಇರಲಿ. ಹಿಂದಿನದ್ದಕ್ಕೂ ಅದನ್ನೇ ಹಾಕಿ ಎನ್ನುವವನು ನಾನು. ಎಲ್ಲಾದರೂ ತಾಗಿ ಡೆರೈಲರ್ ಸ್ವಲ್ಪ ಸೊಟ್ಟಗಾದರೆ ಕ್ಲಿಕ್ ಶಿಫ್ಟರಿನ ಗೇರುಗಳು ಒಂದೂ ಸರಿಯಾಗಿ ಬೀಳುವುದಿಲ್ಲ, ಫ್ರಿಕ್ಷನ್ ಆದರೆ ಕೈಯಲ್ಲೇ ಲಿವರನ್ನು ಕೂದಲೆಳೆಯಷ್ಟು ಸರಿಸಿ ಮುಂದಿನ ಊರು ಸೇರಬಹುದು. ಮೊದಲ ಕೆಲವು ದಿನ ಸದ್ದು ಕೇಳಿ ಸರಿಹೊಂದಿಸಬೇಕಾಗುತ್ತದೆ, ಆಮೇಲೆ ಕೈಗೇ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಎಂಟಿಬಿಗೆ ಡ್ರಾಪ್ ಹ್ಯಾಂಡಲ್ ಹಾಕಿ ಟೂರಿಂಗಿಗೆ ಬಳಸಬಹುದಾ? ವಿ-ಬ್ರೇಕ್ ಇದೆ. (ಧಾರವಾಡ)

ಉತ್ತರ: ಬೇಡ ಅನ್ನುತ್ತೇನೆ. ನೇರ ಹ್ಯಾಂಡಲಿಗೆಂದು ಮಾಡಿದ ಫ್ರೇಮಿನ ಮೇಲಿನ ಪೈಪು ಉದ್ದ ಇರುತ್ತದೆ. ಡ್ರಾಪ್ ಹಾಕಿದರೆ ಕೈ ಇನ್ನೂ ಮುಂದೆ ಹೋಗಿ ಮೈಯೆಲ್ಲ ಚಾಚಿಕೊಳ್ಳುತ್ತದೆ. ಸ್ಟೆಮ್ ತೀರಾ ಚಿಕ್ಕದು ಮಾಡಿ ಹೊಂದಿಸುವವರಿದ್ದಾರೆ. ಆಗಲೂ ಮಾಮೂಲಿ ಡ್ರಾಪ್ ಲಿವರ್ ವಿ-ಬ್ರೇಕಿಗೆ ಆಗದು, ಟೆಕ್ಟ್ರೊ ಆರ್‌ಎಲ್ 520 ತರಹದ ಜಾಸ್ತಿ ಕೇಬಲ್ ಎಳೆಯುವ ಲಿವರ್ ಹುಡುಕಬೇಕು. ಅದರ ಬದಲು ಈಗಿರುವ ಹ್ಯಾಂಡಲಿನ ಎರಡೂ ತುದಿಗೆ ಕೊಂಬಿನಂಥ ಹಿಡಿ (ಬಾರ್ ಎಂಡ್) ಹಾಕಿಸಿ, ಮಿಕ್ಕ ಹಣದಲ್ಲಿ ಒಳ್ಳೆಯ ಟೈರು, ಗಟ್ಟಿ ಕ್ಯಾರಿಯರ್ ತಗೊಳ್ಳಿ.