ಗುರುವಾರ ಡಾಕ್ಟರ ಮುಂದೆ ಏನಂತ ಹೇಳಲಿ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್, ವಯಸ್ಸು 38, ಅರಸೀಕೆರೆ ಕಡೆಯವಳು. ಏಳೆಂಟು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಉತ್ತರ ಪತ್ರಿಕೆಯ ಕಟ್ಟು ಮುಂದಿಟ್ಟುಕೊಂಡು ಒಂದೇ ಪುಟವನ್ನು ಗಂಟೆಗಟ್ಟಲೆ ನೋಡುತ್ತಾ ಕೂರುತ್ತೇನೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ತಲೆನೋವಿಗೆ ಸ್ಕ್ಯಾನ್ ಆಯಿತು, ಏನೂ ಇಲ್ಲ ಅಂದರು. ಈಗ ನಮ್ಮ ಡಾಕ್ಟರು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಬರುವ ಗುರುವಾರ ಹೋಗಬೇಕು. ‘ಹುಚ್ಚಾಸ್ಪತ್ರೆ ಮೆಟ್ಟಿಲು ಹತ್ತುವಂಥದ್ದು ನಿನಗೇನಾಗಿದೆ’ ಅಂತಾರೆ ನಮ್ಮವರು. ಅಲ್ಲಿ ಏನು ಕೇಳುತ್ತಾರೆ? ಜೀವನಪೂರ್ತಿ ಮಾತ್ರೆ ಅಂಟಿಕೊಳ್ಳುತ್ತಾ? ಸ್ಕೂಲಿಗೆ ಗೊತ್ತಾದರೆ? ಕೆಲವು ದಿನ, ಬೆಳಗ್ಗೆ ಏಳದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಗುರುವಾರ ಡಾಕ್ಟರ ಮುಂದೆ ಮೊದಲು ಹೇಳಬೇಕಾದ್ದು ಅದೇ. ನಿದ್ದೆ, ತಲೆನೋವು ಎಲ್ಲ ಆಮೇಲೆ. ಹೇಳಿದ ತಕ್ಷಣ ಹಿಡಿದು ಅಡ್ಮಿಟ್ ಮಾಡಿಬಿಡುತ್ತಾರೆ ಅಂತ ಹೆದರಬೇಡಿ. ಈ ಮಾತನ್ನು ಅವರು ದಿನಾ ಕೇಳುತ್ತಾರೆ. ಬರೀ ಹಾಗನ್ನಿಸುವುದಾ, ಹೇಗೆ ಏನು ಅಂತ ಯೋಚನೆಯೂ ಬಂದಿದೆಯಾ ಎಂದು ಬಿಡಿಸಿ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅಷ್ಟರೊಳಗೆ ಆ ಯೋಚನೆ ಜೋರಾದರೆ ಗುರುವಾರಕ್ಕೆ ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಸಹಾಯವಾಣಿ, 2022ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಳಗಿನ ಜಾವ ಮೂರಕ್ಕೂ ಎತ್ತುತ್ತಾರೆ.

ಇನ್ನು ‘ಏನು ಹೇಳಬೇಕು’ ಅನ್ನುವ ಭಯ. ಕೆಲವು ವರ್ಷಗಳ ಹಿಂದೆ ನಾನೂ ಅಂಥದ್ದೇ ಒಂದು ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದೆ. ಬಸ್ಸಿನಲ್ಲಿ ಉದ್ದಕ್ಕೂ ರಿಹರ್ಸಲ್ ಮಾಡಿಕೊಂಡು ಹೋಗಿದ್ದೆ. ಒಳಗೆ ಹೋದ ಮೇಲೆ ಬಾಯಿಗೆ ಬಂದದ್ದು ‘ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ ಡಾಕ್ಟ್ರೇ’. ಅವರು ನಗಲಿಲ್ಲ. ‘ಸರಿ, ರಾತ್ರಿ ನಿದ್ದೆ ಹೇಗೆ’ ಅಂದರು. ಅಷ್ಟಕ್ಕೇ ಅಳು ಬಂತು. ಹೀಗೆ ಎಲ್ಲಿಂದಲೋ ಶುರುವಾಗುತ್ತದೆ. ನೀವು ಪಾಠ ಒಪ್ಪಿಸಬೇಕಾಗಿಲ್ಲ. ಎಳೆದು ಕೇಳುವುದು ಅವರ ಕೆಲಸ.

ಕೇಳುವ ಪ್ರಶ್ನೆಗಳೂ ಬಹಳ ಸಾದಾ. ಎಷ್ಟು ದಿನದಿಂದ? ಊಟ ಸೇರುತ್ತಾ? ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವಾ? ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ? ಮುಟ್ಟು ಸರಿಯಾಗಿ ಆಗುತ್ತಾ? ಕೆಲವೆಡೆ 9 ಪ್ರಶ್ನೆಗಳ ಒಂದು ಹಾಳೆ ಕೊಟ್ಟು ‘ಕಳೆದ ಎರಡು ವಾರದಲ್ಲಿ ಹೇಗಿತ್ತು’ ಎಂದು ಗುರುತು ಹಾಕಿಸುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬರೆದರೆ ‘ಇದಕ್ಕೂ ಅದಕ್ಕೂ ಏನು ಸಂಬಂಧ’ ಅನ್ನಬೇಡಿ. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಹೀಗೇ ಕುಸಿಯುತ್ತದೆ. ಈಗಾಗಲೇ ಮಾಡಿಸಿದ್ದರೆ ರಿಪೋರ್ಟ್ ಹಿಡಿದುಕೊಂಡು ಹೋಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಓಪಿಡಿಯಲ್ಲಿ ನಿಮಗೆ ಮೂರು ತಾಸು ಕಾದ ಮೇಲೆ ಹತ್ತು ನಿಮಿಷ ಸಿಗಬಹುದು. ಬಾಗಿಲು ತೆರೆದೇ ಇರಬಹುದು, ಮುಂದಿನ ಟೋಕನ್‌ನವರು ಒಳಗೇ ನಿಂತಿರಬಹುದು. ‘ಸ್ವಲ್ಪ ಒಬ್ಬಳೇ ಮಾತಾಡಬೇಕು ಡಾಕ್ಟ್ರೇ’ ಅನ್ನಿ. ಅದು ದೊಡ್ಡ ಕೋರಿಕೆ ಏನಲ್ಲ. ನಮ್ಮ ಕಡೆ ‘ಜೊತೆಗೆ ಯಾರು ಬಂದಿದ್ದಾರೆ’ ಅಂತಲೂ ಕೇಳುತ್ತಾರೆ. ಯಜಮಾನರು ಬಂದಿದ್ದರೆ ನೀವು ಮೊದಲು, ಅವರು ಆಮೇಲೆ ಅಂತ ಹೇಳಬಹುದು. ಅವರು ಒಳಗೆ ಕೂತಿದ್ದರೆ ಬಚ್ಚಲ ನಲ್ಲಿಯ ವಿಷಯ ನಿಮ್ಮ ಬಾಯಿಂದ ಬರುವುದಿಲ್ಲ, ಅಲ್ವಾ?

ಮನೋವೈದ್ಯರು ಮುಖ್ಯವಾಗಿ ಕಾಯಿಲೆ ಗುರುತಿಸಿ ಮಾತ್ರೆ ಬರೆಯುವವರು. ಕೂರಿಸಿಕೊಂಡು ಮಾತಾಡಿಸುವ ಥೆರಪಿಗೆ ಸಾಮಾನ್ಯವಾಗಿ ಬೇರೆ ದಿನ ಕೊಟ್ಟು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ಅವರು ಮಾತ್ರೆ ಬರೆಯುವುದಿಲ್ಲ. ಒಂದು ಭೇಟಿ ಮುಕ್ಕಾಲು ಗಂಟೆ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಕೆಲವು ತಿಂಗಳು. ಅಲ್ಲಿ ಉಪದೇಶ ಸಿಗುತ್ತದೆ ಅಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಹೋಂವರ್ಕ್ ಸಿಗುತ್ತದೆ! ಒಂದು ನೋಟ್‌ಬುಕ್, ಅದರಲ್ಲಿ ಮೂರು ಕಾಲಂ: ಏನಾಯಿತು, ಮನಸ್ಸು ಏನಂದಿತು, ಆಮೇಲೆ ಹೇಗನ್ನಿಸಿತು. ಉದಾಹರಣೆಗೆ, ಬೆಳಗ್ಗೆ ಹೆಡ್‌ಮಾಸ್ಟರ್ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳಲಿಲ್ಲ. ‘ನಾನೇನೋ ತಪ್ಪು ಮಾಡಿದ್ದೇನೆ’ ಅಂತು ಮನಸ್ಸು. ಮೂರನೇ ಪಿರಿಯಡ್ಡಿನ ಹೊತ್ತಿಗೆ ತಲೆನೋವು. ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಆ ಮಧ್ಯದ ಕಾಲಂ ನೋಡುತ್ತೀರಿ. ಗಣಿತದವರಿಗೆ ಇದು ಒಗ್ಗುತ್ತದೆ ಅಂತ ನನ್ನ ಅಂದಾಜು. ಯಾವ ಮೆಟ್ಟಿಲಲ್ಲಿ ಲೆಕ್ಕ ತಪ್ಪಿತು ಅಂತ ಹುಡುಕುವುದು ನಿಮಗೇನು ಹೊಸದಲ್ಲವಲ್ಲ.

ಮೊದಲ ಒಂದೆರಡು ಭೇಟಿ ಆದ ಮೇಲೆ ಮನಸ್ಸು ಇನ್ನಷ್ಟು ಭಾರವಾಗಬಹುದು. ಅಟ್ಟದ ಮೇಲಿನ ಸಾಮಾನು ಇಳಿಸಿದ ದಿನ ಮನೆ ತುಂಬ ಧೂಳಾಗುವ ಹಾಗೆ. ಅದಕ್ಕೆ ಬಿಟ್ಟುಬಿಡಬೇಡಿ. ಆದರೆ ಮೂರ್ನಾಲ್ಕು ಸಲ ಹೋದರೂ ಆ ವ್ಯಕ್ತಿಯ ಹತ್ತಿರ ಬಾಯಿ ಬಿಚ್ಚಲು ಆಗುತ್ತಿಲ್ಲ ಅಂದರೆ ಬೇರೆಯವರನ್ನು ಕೇಳಿ. ನನ್ನ ಮೊದಲ ಕೌನ್ಸೆಲರ್ ಮಾತಿನ ಮಧ್ಯೆ ಎರಡು ಸಲ ಫೋನ್ ಎತ್ತಿ, ಕೊನೆಗೆ ‘ಧ್ಯಾನ ಮಾಡಿ’ ಅಂದು ಕಳಿಸಿದರು. ಥೆರಪಿ ಅಂದರೇ ಇಷ್ಟೇ ಅಂದುಕೊಂಡು ಒಂದು ವರ್ಷ ಸುಮ್ನೆ ಕೂತೆ. ಆ ಒಂದು ವರ್ಷ ದಂಡ.

ಮಾತ್ರೆ ವಿಷಯ. ಖಿನ್ನತೆಗೆ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ನಿದ್ದೆ ಮಾತ್ರೆಗಳಲ್ಲಿ ಕೆಲವು ಅಭ್ಯಾಸವಾಗುತ್ತವೆ, ಅದಕ್ಕೇ ಸ್ವಲ್ಪ ದಿನಕ್ಕೆ ಮಾತ್ರ ಬರೆಯುತ್ತಾರೆ. ಯಾವುದು ಯಾವುದು ಅಂತ ಬೆರಳಿಟ್ಟು ಕೇಳಿ. ಕಿರಿಕಿರಿ ಏನೆಂದರೆ ಹೊಟ್ಟೆ ತೊಳಸುವುದು, ಮಂಪರು ಮೊದಲ ವಾರದಲ್ಲೇ ಬರುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಅದಕ್ಕೇ ಎಷ್ಟೋ ಜನ ಹತ್ತನೇ ದಿನಕ್ಕೆ ‘ಏನೂ ಪ್ರಯೋಜನ ಇಲ್ಲ’ ಅಂತ ಬಿಡುತ್ತಾರೆ. ಇನ್ನು ಕೆಲವರು ಗುಣವಾದ ದಿನವೇ ನಿಲ್ಲಿಸುತ್ತಾರೆ. ಗುಣ ಕಂಡ ಮೇಲೂ ಆರು ತಿಂಗಳಿಗೆ ಕಡಿಮೆ ಇಲ್ಲದಂತೆ ಮುಂದುವರಿಸಿ, ನಿಧಾನಕ್ಕೆ ಇಳಿಸುವುದು ವಾಡಿಕೆ. ಮೊದಲ ಸಲ ಹೀಗಾದವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಬೇಕಾಗುವುದಿಲ್ಲ. ಮಾತ್ರೆ ಶುರುವಾದ ಮೇಲೆ ಚಡಪಡಿಕೆ ಅಥವಾ ಆ ಕೆಟ್ಟ ಯೋಚನೆ ಹೆಚ್ಚಾದರೆ ಮಾತ್ರ ಮುಂದಿನ ತಾರೀಕಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಸ್ಕೂಲಿಗೆ ಆಸ್ಪತ್ರೆಯಿಂದ ಸುದ್ದಿ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ನಿಮ್ಮ ಹಕ್ಕು ಅಂತಲೇ ಬರೆದಿದೆ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ ವಿಷಯ ಹೊರಗೆ ಹೋಗುವಂತಿಲ್ಲ. ಪರಿಚಯದವರು ಯಾರಾದರೂ ಕ್ಯೂನಲ್ಲಿ ನೋಡಿದರೆ? ನೋಡಲಿ ಬಿಡಿ, ಅವರೂ ಅದೇ ಬೆಂಚಿನ ಮೇಲೆ ಕೂತಿರುತ್ತಾರಲ್ಲ.

ನಿಮ್ಮ ಯಜಮಾನರಿಗೆ ಒಂದು ಸುದ್ದಿ ಹೇಳಿ. ಬೆಂಗಳೂರಿನ ‘ಲುನಾಟಿಕ್ ಅಸೈಲಂ’ಗೆ, ಅಂದರೆ ಹುಚ್ಚಾಸ್ಪತ್ರೆಗೆ, ಆಗಿನ ಮೈಸೂರು ಸರ್ಕಾರ ಮೆಂಟಲ್ ಹಾಸ್ಪಿಟಲ್ ಅಂತ ಹೆಸರು ಬದಲಿಸಿದ್ದು 1925ರಲ್ಲಿ. ಅದೇ ಮುಂದೆ ನಿಮ್ಹಾನ್ಸ್‌ನಲ್ಲಿ ಸೇರಿಹೋಯಿತು. ಹುಚ್ಚಾಸ್ಪತ್ರೆ ಅನ್ನುವವರು ನೂರು ವರ್ಷ ಹಿಂದೆ ಇದ್ದಾರೆ! ಜಗಳಕ್ಕೆ ಮಾತ್ರ ಇಳಿಯಬೇಡಿ, ನಿಮಗೆ ಈಗ ಅದಕ್ಕೆ ಶಕ್ತಿ ಇಲ್ಲ. ‘ಜೊತೆಗೆ ಬನ್ನಿ, ಡಾಕ್ಟರನ್ನೇ ಕೇಳಿ’ ಅನ್ನಿ. ಗಾಬರಿ ಇರುವ ಗಂಡಸರು ಎಷ್ಟೋ ಸಲ ಹೀಗೆ ರೇಗುತ್ತಾರೆ. ಬರಲ್ಲ ಅಂದರೆ ತಂಗಿಯನ್ನೋ ಸ್ಟಾಫ್ ರೂಮಿನ ಗೆಳತಿಯನ್ನೋ ಕರೆದುಕೊಂಡು ಹೋಗಿ.

ಬುಧವಾರ ರಾತ್ರಿ ಒಂದು ಹಾಳೆಯಲ್ಲಿ ನಾಲ್ಕೇ ನಾಲ್ಕು ಸಾಲು ಬರೆದುಕೊಳ್ಳಿ. ನನಗೆ ಬರೆದಿದ್ದೀರಲ್ಲ, ಅದೇ ಸಾಲುಗಳು ಸಾಕು. ಮಾತು ಹೊರಡದಿದ್ದರೆ ಹಾಳೆಯನ್ನೇ ಕೊಡಿ, ಓದಿಕೊಳ್ಳುತ್ತಾರೆ. ಚೀಟಿ, ಸ್ಕ್ಯಾನ್ ರಿಪೋರ್ಟ್, ನೀರಿನ ಬಾಟಲಿ, ತಿಂಡಿ ಡಬ್ಬಿ ಇಟ್ಟುಕೊಳ್ಳಿ. ಹೇಗೂ ಕಾಯುತ್ತೇನಲ್ಲ, ತಿದ್ದಿ ಮುಗಿಸೋಣ ಅನ್ನಿಸುತ್ತದೆ. ಆ ಉತ್ತರ ಪತ್ರಿಕೆಯ ಕಟ್ಟು ಮಾತ್ರ ಮನೆಯಲ್ಲೇ ಇರಲಿ.